ನೆಲ ಊರಿನದು, ಮನೆ ತನ್ನದು



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಈ ಗಾದೆಯನ್ನು ಮಾಡಿದವರು ಎರಡು ಕಷ್ಟಗಳನ್ನು ಹೇಳಿದರು. ಮೂರನೆಯದೊಂದನ್ನು ಹೇಳದೆ ಬಿಟ್ಟರು. ಕಟ್ಟಿದ ಮನೆಯು ಒಂದೆರಡು ತಲೆಮಾರು ಕಳೆದ ಮೇಲೆಯೂ ಸಾಧಾರಣ ಸಂಪಾದನೆಯವರ ಕೈಗೆ ಎಟುಕುವಂತೆ ಉಳಿಯಬೇಕಾದರೆ ಏನು ಮಾಡತಕ್ಕದ್ದು ಎಂಬುದೇ ಆ ಮೂರನೆಯ ಕಷ್ಟ. ಇದನ್ನು ಕುರಿತು ಬೇರೆ ಬೇರೆ ದೇಶಗಳ ಜನರು, ತಮ್ಮ ತಮ್ಮ ದೇಶದ ಕಾನೂನಿಗೆ ಒಳಪಟ್ಟು, ತಾವೇ ಕೂಡಿ ಕಂಡುಕೊಂಡ ಕೆಲವು ಮಾರ್ಗಗಳನ್ನು ಈ ದಿನ ತಮ್ಮಲ್ಲಿ ಅರಿಕೆ ಮಾಡಬೇಕೆಂದಿದ್ದೇನೆ. ನಾನು ವಕೀಲನಲ್ಲ, ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳುವವನು. ಆದುದರಿಂದ ಕಾನೂನಿನ ಮಾತನ್ನು ಸಾಮಾನ್ಯ ಬಾಡಿಗೆದಾರನು ಹೇಗೆ ತಿಳಿದುಕೊಳ್ಳಬಲ್ಲನೋ ಹಾಗೆಯೇ ಹೇಳುವೆನು.

ಬಾಡಿಗೆದಾರನೆಂದು ಸುಮ್ಮನೆ ಹೇಳಲಿಲ್ಲ. ನನ್ನ ಬಾಲ್ಯ ಕಳೆದದ್ದು ಎಂಟು ಮನೆಗಳ ಒಂದು ವಠಾರದಲ್ಲಿ. ಮಧ್ಯದಲ್ಲಿ ಕಲ್ಲು ಹಾಸಿದ ಅಂಗಳ, ಒಂದು ಬಾವಿ, ಎಂಟು ಸಂಸಾರಗಳಿಗೂ ಸೇರಿದ ಒಂದು ಒಗೆಯುವ ಕಲ್ಲು. ನೀರು ಸೇದುವ ಸರದಿ, ಅಂಗಳ ಗುಡಿಸುವ ಸರದಿ, ಬಾವಿಯ ಹಗ್ಗಕ್ಕೆ ಹಾಕುವ ವಂತಿಗೆ, ಎಲ್ಲಕ್ಕೂ ಒಂದು ಕಟ್ಟಳೆ ಇದ್ದಿತು. ಯಾರೂ ಬರೆದಿಟ್ಟಿರಲಿಲ್ಲ, ಆದರೂ ಎಲ್ಲರೂ ನಡೆಸುತ್ತಿದ್ದರು. ಜಗಳವಾದರೆ ಮೂಲೆಮನೆಯ ಅಜ್ಜಿಯವರು ಹೇಳಿದ್ದೇ ತೀರ್ಪು. ಹೀಗಿರುವಲ್ಲಿ ಮನೆಯ ಯಜಮಾನರು ತೀರಿಕೊಂಡರು. ಮಕ್ಕಳಲ್ಲಿ ಪಾಲುಪಾರಿಕತ್ತಾಗಿ ವಠಾರವು ಮಾರಾಟಕ್ಕೆ ಬಂದಿತು. ಮೂವತ್ತು ವರ್ಷ ಒಂದೇ ಬಾವಿಯ ನೀರು ಕುಡಿದ ಎಂಟು ಸಂಸಾರಗಳು ಒಂದು ತಿಂಗಳಿನಲ್ಲಿ ಎಂಟು ದಿಕ್ಕಿಗೆ ಚೆದುರಿಹೋದುವು. ನಮ್ಮಲ್ಲಿ ಒಗ್ಗಟ್ಟು ಇರಲಿಲ್ಲವೇ ಎಂದರೆ, ಇದ್ದಿತು. ಇಲ್ಲದೆ ಇದ್ದದ್ದು ಆ ಒಗ್ಗಟ್ಟಿಗೆ ಕಾನೂನಿನಲ್ಲಿ ಒಂದು ಹೆಸರು. ಕ್ರಯಪತ್ರದ ಮುಂದೆ ನಮ್ಮ ಕಟ್ಟಳೆಯು ನಿಲ್ಲಲಾರದೆ ಹೋಯಿತು. ಒಗ್ಗಟ್ಟಿಗೆ ಪತ್ರದ ಬಲವನ್ನು ಕೊಡುವುದು ಹೇಗೆಂಬ ಪ್ರಶ್ನೆಯು ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಮೊದಲು ಒಡೆತನವೆಂದರೇನು ಎಂಬುದನ್ನು ನೋಡೋಣ. ಇದು ನನ್ನದು ಎನ್ನುವಾಗ ನಾವು ಒಂದೇ ಹಕ್ಕನ್ನು ಹೇಳುತ್ತಿದ್ದೇವೆಂದು ಭಾವಿಸುವುದುಂಟು. ನಮ್ಮ ಹಿರಿಯರು ಹಾಗೆ ಭಾವಿಸಿರಲಿಲ್ಲ. ವಿಜಯನಗರದ ಕಾಲದ ತಾಮ್ರಶಾಸನಗಳನ್ನು ನೋಡಿದವರಿಗೆ 'ಅಷ್ಟಭೋಗ ತೇಜಸ್ವಾಮ್ಯ' ಎಂಬ ಮಾತು ಪರಿಚಿತವಾದದ್ದೇ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂದು ಒಂದು ತುಂಡು ನೆಲದ ಅನುಭೋಗವನ್ನು ಎಂಟಾಗಿ ಎಣಿಸಿ, ಇವಲ್ಲದೆ ದಾನ, ಆಧಿ, ಕ್ರಯ, ವಿನಿಮಯಗಳ ಅಧಿಕಾರವನ್ನು ಬೇರೆಯಾಗಿ ಹೇಳುತ್ತಿದ್ದರು. ಅನುಭವಿಸುವ ಹಕ್ಕು ಬೇರೆ, ಮಾರುವ ಹಕ್ಕು ಬೇರೆ ಎಂಬ ವಿವೇಕವು ಇದರಲ್ಲಿ ಅಡಗಿದೆ. ಈ ದಿನ ನಾನು ಹೇಳತಕ್ಕ ಎಲ್ಲ ಏರ್ಪಾಡುಗಳ ತಿರುಳೂ ಇಷ್ಟೇ: ಮನೆಯಲ್ಲಿ ವಾಸಿಸುವ ಭೋಗವು ಸಂಸಾರಕ್ಕೆ ಸೇರಲಿ, ಮಕ್ಕಳಿಗೂ ಹೋಗಲಿ, ಬಾಯಿಗೆ ಬಂದ ಬೆಲೆಗೆ ಮಾರುವ ಅಧಿಕಾರವು ಮಾತ್ರ ಸಮುದಾಯದ ಕೈಯಲ್ಲಿ ನಿಲ್ಲಲಿ.

ಇಂಥ ಏರ್ಪಾಡುಗಳಲ್ಲಿ ಬಹು ಪ್ರಸಿದ್ಧವಾದದ್ದು ಅಮೆರಿಕದಲ್ಲಿ ಹುಟ್ಟಿದ 'ಕಮ್ಯುನಿಟಿ ಲ್ಯಾಂಡ್ ಟ್ರಸ್ಟ್' ಎಂಬುದು. ನಾನು ಇದನ್ನು ಭೂನ್ಯಾಸ ಎಂದು ಕರೆಯುತ್ತೇನೆ. ನ್ಯಾಸವೆಂದರೆ ನಂಬಿಕೆಯಿಂದ ಒಪ್ಪಿಸಿಟ್ಟದ್ದು. ಹುಟ್ಟಿದ್ದು ಅಮೆರಿಕದಲ್ಲಿಯಾದರೂ ಅದರ ಬೇರುಗಳಲ್ಲಿ ಒಂದು ನಮ್ಮ ನಾಡಿನಲ್ಲಿದೆ ಎಂದರೆ ತಮಗೆ ಆಶ್ಚರ್ಯವಾಗಬಹುದು. 1951ರಲ್ಲಿ ತೆಲಂಗಾಣದ ಪೋಚಂಪಳ್ಳಿಯಲ್ಲಿ ವಿನೋಬಾ ಭಾವೆಯವರ ಭೂದಾನವು ಮೊದಲಾಯಿತು. ಬಡವನಿಗೆ ಬಿಡಿಬಿಡಿಯಾಗಿ ಕೊಟ್ಟ ಭೂಮಿಯು ಸಾಲಕ್ಕೋ ಸಂಕಟಕ್ಕೋ ಸಿಕ್ಕಿ ಮತ್ತೆ ಉಳ್ಳವರ ಪಾಲಾಗುವ ಭಯವಿದ್ದೇ ಇರುತ್ತದೆ. ಇದಕ್ಕೆ ತಡೆಯೆಂಬಂತೆ ಭೂದಾನದಿಂದಲೇ ಗ್ರಾಮದಾನವು ಬೆಳೆಯಿತು: ನೆಲದ ಒಡೆತನ ಗ್ರಾಮಸಭೆಯದು, ಉಳುವ ಹಕ್ಕು ಸಂಸಾರದ್ದು. 1957ರ ಸೆಪ್ಟೆಂಬರಿನಲ್ಲಿ ಮೈಸೂರಿನ ಸಮೀಪದ ಯೆಲವಾಲದಲ್ಲಿ ಈ ಗ್ರಾಮದಾನವನ್ನು ಕುರಿತು ಒಂದು ಪರಿಷತ್ತು ನಡೆಯಿತು. ವಿನೋಬಾ ಅವರ ಸಮ್ಮುಖದಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ಜವಾಹರಲಾಲ ನೆಹರೂ ಅವರು, ಕೇರಳದ ಮುಖ್ಯಮಂತ್ರಿ ನಂಬೂದಿರಿಪಾಡರು ಮೊದಲಾದ ನಾನಾ ಪಕ್ಷಗಳ ಮುಖಂಡರು ಕಲೆತು ಅದಕ್ಕೆ ಬೆಂಬಲ ಸೂಚಿಸಿದರು. ನಮ್ಮಲ್ಲಿ ಗ್ರಾಮದಾನದ ಉತ್ಸಾಹವು ಕಾಲಕ್ರಮದಲ್ಲಿ ಇಳಿದುಹೋಯಿತು. ಆದರೆ ಬೀಜವು ದೂರಕ್ಕೆ ಹಾರಿಹೋಗಿತ್ತು.

ರಾಲ್ಫ್ ಬೊರ್ಸೋಡಿ ಎಂಬ ಅಮೆರಿಕದ ಚಿಂತಕರು ಭಾರತದಲ್ಲಿ ಕೆಲವು ಕಾಲವಿದ್ದು ಈ ಚಳವಳಿಯನ್ನು ಕಂಡವರು. ಅವರ ಜೊತೆಗಾರರಾದ ರಾಬರ್ಟ್ ಸ್ವಾನ್ ಎಂಬವರು, ಜಾರ್ಜಿಯಾ ಪ್ರಾಂತದ ನೀಗ್ರೋ ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಸ್ಲೇಟರ್ ಕಿಂಗ್, ಚಾರ್ಲ್ಸ್ ಶೆರಾಡ್ ಮೊದಲಾದವರೊಡನೆ ಸೇರಿ 1969ರಲ್ಲಿ 'ನ್ಯೂ ಕಮ್ಯುನಿಟೀಸ್' ಎಂಬ ಸಂಸ್ಥೆಯನ್ನು ಕಟ್ಟಿದರು. ಮತದಾನಕ್ಕೆ ಹೆಸರು ಬರೆಸಿದ ಮಾತ್ರಕ್ಕೆ ಬಿಳಿಯ ಜಮೀನುದಾರರು ಕಪ್ಪು ಗೇಣಿದಾರರನ್ನು ಮನೆಯಿಂದ ಹೊರಗೆ ಹಾಕುತ್ತಿದ್ದ ಕಾಲ ಅದು. ಯಾರೂ ಹೊರಗೆ ಹಾಕಲಾಗದ ನೆಲವೊಂದು ಬೇಕಾಗಿತ್ತು. ಇಸ್ರೇಲಿಗೆ ಹೋಗಿ ಅಲ್ಲಿಯ ಗುತ್ತಿಗೆಯ ಭೂಮಿಯ ಪದ್ಧತಿಯನ್ನು ನೋಡಿಬಂದು, ಗ್ರಾಮದಾನದ ತತ್ತ್ವವನ್ನೂ ಮನಸ್ಸಿನಲ್ಲಿಟ್ಟುಕೊಂಡು, ಸುಮಾರು 5,700 ಎಕರೆ ಭೂಮಿಯನ್ನು ಸಾಲ ಮಾಡಿ ಕೊಂಡುಕೊಂಡರು.

ಅದರ ಕಥೆಯು ಸುಖವಾಗಿ ಮುಗಿಯಲಿಲ್ಲ. ಮಳೆ ಹೋಗಿ ಬೆಳೆ ಒಣಗಿದಾಗ ಸುತ್ತಣ ಬಿಳಿಯ ರೈತರಿಗೆ ಸಿಕ್ಕಿದ ಸರ್ಕಾರಿ ಸಾಲವು ಇವರಿಗೆ ಸಕಾಲಕ್ಕೆ ಸಿಕ್ಕಲಿಲ್ಲ. 1985ರಲ್ಲಿ ಭೂಮಿಯೆಲ್ಲ ಸಾಲಗಾರರ ಪಾಲಾಯಿತು. ಇಪ್ಪತ್ತನಾಲ್ಕು ವರ್ಷಗಳ ಮೇಲೆ, 2009ರಲ್ಲಿ, ಇವರಿಗೆ ಜಾತಿಭೇದದಿಂದ ಅನ್ಯಾಯವಾಯಿತೆಂದು ತೀರ್ಮಾನವಾಗಿ ಸುಮಾರು 120 ಲಕ್ಷ ಡಾಲರು ಪರಿಹಾರ ದೊರೆಯಿತು. 2011ರಲ್ಲಿ ಆ ಹಣದಿಂದ, ಹಿಂದೆ ಗುಲಾಮರನ್ನು ದುಡಿಸುತ್ತಿದ್ದ ಒಂದು ದೊಡ್ಡ ತೋಟವನ್ನೇ ಕೊಂಡು ಮತ್ತೆ ಮೊದಲುಮಾಡಿದರು. ಪತ್ರವು ಎಷ್ಟು ಗಟ್ಟಿಯಾಗಿದ್ದರೂ ಕಷ್ಟಕಾಲದಲ್ಲಿ ಸಾಲ ಕೊಡುವವರಿಲ್ಲದಿದ್ದರೆ ಸಮುದಾಯದ ನೆಲವೂ ಉಳಿಯುವುದಿಲ್ಲ. ಈ ಪಾಠವನ್ನು ನಾವು ಮರೆಯತಕ್ಕದ್ದಲ್ಲ.

ಹಳ್ಳಿಯಲ್ಲಿ ಹುಟ್ಟಿದ ಈ ಏರ್ಪಾಡು ಪಟ್ಟಣದಲ್ಲಿ ನೆಲೆಯೂರಿದ್ದು ವರ್ಮಾಂಟ್ ಪ್ರಾಂತದ ಬರ್ಲಿಂಗ್ಟನ್ ಎಂಬ ಊರಿನಲ್ಲಿ. 1984ರಲ್ಲಿ, ಬರ್ನಿ ಸ್ಯಾಂಡರ್ಸ್ ಅವರು ಅಲ್ಲಿ ಮೇಯರಾಗಿದ್ದಾಗ, ಪುರಸಭೆಯು 2 ಲಕ್ಷ ಡಾಲರು ಮೂಲಧನವನ್ನು ಕೊಟ್ಟು ಒಂದು ಭೂನ್ಯಾಸವನ್ನು ಸ್ಥಾಪಿಸಿತು. 2006ರಲ್ಲಿ ಅದು ಇನ್ನೊಂದು ಸಂಸ್ಥೆಯೊಡನೆ ಸೇರಿ 'ಶಾಂಪ್ಲೇನ್ ಹೌಸಿಂಗ್ ಟ್ರಸ್ಟ್' ಆಯಿತು. ಅದು ನಡೆಯುವ ಬಗೆಯನ್ನು ಕೊಂಚ ವಿವರವಾಗಿ ಹೇಳುತ್ತೇನೆ. ಇದು ತಿಳಿದರೆ ಮಿಕ್ಕದ್ದು ಸುಲಭ.

ನೆಲವು ನ್ಯಾಸದ್ದು, ಅದನ್ನು ಎಂದಿಗೂ ಮಾರುವುದಿಲ್ಲ. ನೆಲದ ಮೇಲಿನ ಮನೆಯನ್ನು ಸಂಸಾರವು ಕೊಂಡುಕೊಳ್ಳುವುದು. ನೆಲಕ್ಕೆ ಅಲ್ಪಸ್ವಲ್ಪ ಬಾಡಿಗೆ, ದೀರ್ಘಕಾಲದ ಗುತ್ತಿಗೆ. ನೆಲದ ಬೆಲೆಯನ್ನು ಕೊಡಬೇಕಾಗಿಲ್ಲವಾದ ಕಾರಣ ಮನೆ ಅಗ್ಗವಾಗುತ್ತದೆ. ಮನೆಯವರು ಬಿಟ್ಟುಹೋಗುವುದಾದರೆ ಮಾರಬಹುದು. ಆದರೆ ಬೆಲೆಯು ಗುತ್ತಿಗೆಯಲ್ಲಿ ಹೇಳಿದ ಲೆಕ್ಕದಂತೆ ಇರತಕ್ಕದ್ದು. ಬೆಲೆ ಏರಿದ್ದರಲ್ಲಿ ನಾಲ್ಕನೆಯ ಒಂದು ಪಾಲು ಮಾರುವವನಿಗೆ ಎಂಬುದು ಬರ್ಲಿಂಗ್ಟನ್ನಿನ ಲೆಕ್ಕ. ನಮ್ಮ ಹಣದಲ್ಲಿ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಒಬ್ಬನು 20 ಲಕ್ಷ ರೂಪಾಯಿಗೆ ಮನೆಯನ್ನು ಕೊಂಡನು. ಹತ್ತು ವರ್ಷದ ಮೇಲೆ ಅದು 28 ಲಕ್ಷ ಬಾಳುತ್ತದೆ. ಏರಿದ್ದು 8 ಲಕ್ಷ. ಅದರ ಕಾಲುಭಾಗ 2 ಲಕ್ಷ. ಅವನಿಗೆ 22 ಲಕ್ಷ ಬಂದಿತು. ಹತ್ತು ವರ್ಷ ತೀರಿಸಿದ ಸಾಲದ ಅಸಲೂ ಅದರಲ್ಲೇ ಅವನ ಕೈಸೇರಿತು. ಮುಂದೆ ಕೊಳ್ಳುವ ಬಡಸಂಸಾರಕ್ಕೆ 28 ಲಕ್ಷದ ಮನೆ 22 ಲಕ್ಷಕ್ಕೆ ದೊರೆಯಿತು. ಸರ್ಕಾರವು ಎರಡನೆಯ ಸಾರಿ ಕೈಯಿಂದ ಹಣ ಹಾಕಬೇಕಾಗಲಿಲ್ಲ.

ಇನ್ನು ಆಡಳಿತ. ನ್ಯಾಸದ ಮಂಡಲಿಯಲ್ಲಿ ಮೂರು ಪಾಲು: ಮನೆಗಳಲ್ಲಿ ಇರುವವರು ಒಂದು ಪಾಲು, ಅಕ್ಕಪಕ್ಕದ ಊರವರು ಒಂದು ಪಾಲು, ಪುರಸಭೆ ಮೊದಲಾದ ಸಾರ್ವಜನಿಕ ಹಿತದ ಪ್ರತಿನಿಧಿಗಳು ಒಂದು ಪಾಲು. ಒಳಗಿರುವವರೇ ಎಲ್ಲವನ್ನೂ ನಡೆಸಿದರೆ ಒಂದು ದಿನ ತಮ್ಮ ಲಾಭಕ್ಕೆ ಬಾಗಿಲು ತೆರೆದಾರು. ಹೊರಗಿನವರೇ ನಡೆಸಿದರೆ ಇರುವವರ ಕಷ್ಟವನ್ನು ಅರಿಯರು. ಈ ಮೂರು ಕಾಲಿನ ಮಣೆಯು ಓಲಾಡದೆ ನಿಂತಿತು. 2008ರ ಸುಮಾರಿಗೆ ಅಮೆರಿಕದಲ್ಲಿ ಲಕ್ಷಗಟ್ಟಲೆ ಮನೆಗಳು ಸಾಲಕ್ಕೆ ಹರಾಜಾದಾಗ ಭೂನ್ಯಾಸದ ಮನೆಗಳಲ್ಲಿ ಹರಾಜಾದುವು ಬಹಳ ಕಡಮೆ. ಸಾಲ ಮಾಡುವ ಮೊದಲು ಬುದ್ಧಿ ಹೇಳುವುದಕ್ಕೂ, ಕಂತು ತಪ್ಪಿದಾಗ ಬಂದು ಕೈಹಿಡಿಯುವುದಕ್ಕೂ ಒಂದು ನ್ಯಾಸವಿದ್ದದ್ದೇ ಕಾರಣ.

ಈಗ ಕಾನೂನಿನ ಭೇದಕ್ಕೆ ಬರೋಣ. ಇಂಗ್ಲೆಂಡು, ಅಮೆರಿಕ ಮೊದಲಾದ ದೇಶಗಳ ಕಾನೂನಿನಲ್ಲಿ ಒಂದೇ ನೆಲದ ಮೇಲೆ ಹಲವು ಬಗೆಯ ಹಕ್ಕುಗಳನ್ನು ಪದರಪದರವಾಗಿ ನಿಲ್ಲಿಸಬಹುದು. ದೀರ್ಘ ಗುತ್ತಿಗೆಯು ಅಲ್ಲಿ ಹಳೆಯ ಪರಿಚಯ. ಆದರೂ ಇಂಗ್ಲೆಂಡಿನಲ್ಲಿ ಒಂದು ತೊಡಕು ಎದುರಾಯಿತು. ಜಮೀನುದಾರರ ಕೈಗೆ ಸಿಕ್ಕಿ ನರಳುತ್ತಿದ್ದ ಗುತ್ತಿಗೆದಾರರನ್ನು ಕಾಪಾಡುವುದಕ್ಕಾಗಿ 1967ರಲ್ಲಿ ಒಂದು ಕಾಯಿದೆ ಬಂದು, ದೀರ್ಘ ಗುತ್ತಿಗೆಯ ಮನೆಯವನು ನೆಲವನ್ನೂ ಕೊಂಡುಕೊಳ್ಳಬಹುದೆಂದು ಹೇಳಿತು. ಜಮೀನುದಾರನಿಂದ ಬಿಡಿಸುವ ಆ ಕೀಲಿಕೈಯೇ ಸಮುದಾಯದ ನೆಲದ ಬೀಗಕ್ಕೂ ಹತ್ತುವಂತಾಯಿತು. ಒಂದು ನ್ಯಾಯಕ್ಕಾಗಿ ಮಾಡಿದ ಕಾಯಿದೆಯು ಇನ್ನೊಂದು ನ್ಯಾಯಕ್ಕೆ ಅಡ್ಡಬರುವುದುಂಟು. ಕಾಯಿದೆ ಮಾಡುವವರು ಇದನ್ನು ನೆನೆಯಬೇಕು. ಮುಂದೆ 2008ರ ಕಾಯಿದೆಯೊಂದು ಭೂನ್ಯಾಸವೆಂದರೆ ಇಂಥದು ಎಂದು ಲಕ್ಷಣವನ್ನು ಹೇಳಿತು. 2017ರಲ್ಲಿ ಲಂಡನ್ನಿನ ಪೂರ್ವಭಾಗದ ಮೈಲ್ ಎಂಡಿನಲ್ಲಿ, ಹಿಂದೆ ಆಸ್ಪತ್ರೆಯಾಗಿದ್ದ ಸ್ಥಳದಲ್ಲಿ, ಭೂನ್ಯಾಸದ ಮೊದಲ ಮನೆಗಳಿಗೆ ಜನ ಬಂದರು. ಅಲ್ಲಿ ಮನೆಯ ಬೆಲೆಯನ್ನು ಕಟ್ಟಿದ್ದು ಪೇಟೆಯ ಧಾರಣೆಯಿಂದಲ್ಲ. ಆ ಪ್ರದೇಶದ ಮಧ್ಯಮ ಸಂಪಾದನೆಯವರ ಸಂಬಳದಿಂದ.

ಫ್ರಾನ್ಸು, ಬೆಲ್ಜಿಯಂ, ಸ್ಪೇನು ಮೊದಲಾದ ದೇಶಗಳ ನ್ಯಾಯಪದ್ಧತಿಯು ರೋಮನ್ ಕಾನೂನಿನ ಸಂತತಿ. ಅಲ್ಲಿ ಒಡೆತನವೆಂದರೆ ಅಖಂಡವಾದದ್ದು. ನೆಲದ ಮೇಲಿನ ಹಕ್ಕುಗಳ ಬಗೆಗಳನ್ನು ಬಹುಮಟ್ಟಿಗೆ ಸಂಹಿತೆಯೇ ಎಣಿಸಿಟ್ಟಿದೆ. ಜನರು ತಮ್ಮ ಇಷ್ಟಬಂದಂತೆ ಹೊಸ ಬಗೆಯನ್ನು ಹುಟ್ಟಿಸುವುದು ಸುಲಭವಲ್ಲ. ಇಂಗ್ಲಿಷರ 'ಟ್ರಸ್ಟ್' ಎಂಬುದು ಅಲ್ಲಿ ಹೊರಗಿನ ನೆಂಟ. ಹಾಗಾದರೆ ಅಲ್ಲಿಯವರು ಏನು ಮಾಡಿದರು? ಮನೆಯ ಅಟ್ಟವನ್ನು ಹುಡುಕಿ ಅಜ್ಜನ ಕಾಲದ ಪಾತ್ರೆಯನ್ನು ಕೆಳಕ್ಕಿಳಿಸಿದಂತೆ, ರೋಮನ್ ಕಾನೂನಿನ ಎರಡು ಹಳೆಯ ಹಕ್ಕುಗಳನ್ನು ಹೊರತೆಗೆದರು. ಒಂದು 'ಎಂಫಿಟ್ಯೂಸಿಸ್', ಅಂದರೆ ಪರರ ನೆಲವನ್ನು ದೀರ್ಘಕಾಲ ಅನುಭವಿಸುವ ಹಕ್ಕು; ಇನ್ನೊಂದು 'ಸೂಪರ್‌ಫಿಸೀಸ್', ಅಂದರೆ ಪರರ ನೆಲದ ಮೇಲೆ ಕಟ್ಟಡವನ್ನು ತನ್ನದಾಗಿ ಇಟ್ಟುಕೊಳ್ಳುವ ಹಕ್ಕು. ಬೆಲ್ಜಿಯಮ್ಮಿನ ಬ್ರಸೆಲ್ಸ್ ಪಟ್ಟಣದಲ್ಲಿ 2012ರಲ್ಲಿ ಸ್ಥಾಪಿತವಾದ ಭೂನ್ಯಾಸವು ಇಂಥ ಹಕ್ಕುಗಳ ಆಧಾರದಿಂದಲೇ ಬೆಳೆಯಿತು.

ಇವುಗಳಲ್ಲಿ ಒಂದು ಕೊರತೆ ಉಂಟು. ಹಕ್ಕಿಗೆ ಅವಧಿಯಿದೆ, ವರ್ಷಗಳು ಕಳೆದಂತೆ ಗುತ್ತಿಗೆಯು ಕರಗುತ್ತ ಬರುತ್ತದೆ. ಎಂಬತ್ತು ವರ್ಷ ಕಳೆದು ಹತ್ತೊಂಬತ್ತು ಉಳಿದ ಮನೆಯನ್ನು ಕೊಳ್ಳುವವರಾರು? ಅದಕ್ಕೆ ಸಾಲ ಕೊಡುವವರಾರು? ಫ್ರಾನ್ಸಿನವರು ಇದಕ್ಕೆ ಸೊಗಸಾದ ಉಪಾಯವನ್ನು ಕಂಡರು. 2014ರ ಕಾಯಿದೆಯಿಂದ ನೆಲವನ್ನು ಹಿಡಿದಿಡುವ ಲಾಭರಹಿತ ಸಂಸ್ಥೆಗಳಿಗೆ ಅಂಗೀಕಾರ ದೊರೆಯಿತು. 2016ರಲ್ಲಿ 18ರಿಂದ 99 ವರ್ಷಗಳವರೆಗಿನ ಒಂದು ಹೊಸ ಬಗೆಯ ಗುತ್ತಿಗೆಯು ಹುಟ್ಟಿತು. ಮನೆಯು ಕೈಬದಲಾದಾಗಲೆಲ್ಲ ಈ ಗುತ್ತಿಗೆಯ ಅವಧಿಯು ಮತ್ತೆ ಮೊದಲಿನಿಂದ ಪೂರ್ತಿಯಾಗಿ ಆರಂಭವಾಗುತ್ತದೆ. ಬೆಲೆಗೆ ಮಿತಿಯುಂಟು; ಕೊಳ್ಳುವವನ ವರಮಾನಕ್ಕೂ ಮಿತಿಯುಂಟು. ಇಂಗ್ಲಿಷ್ ಪದ್ಧತಿಯಲ್ಲಿ ಒಪ್ಪಂದದಿಂದ ಸಾಧಿಸಿದ್ದನ್ನು ಫ್ರೆಂಚ್ ಪದ್ಧತಿಯು ಶಾಸನದಿಂದ ಸಾಧಿಸಿತು.

ರೋಮನ್ ಸಂತತಿಯ ಕಾನೂನಿನಲ್ಲಿ ಬಡವರೇ ನಡೆಸಿದ ಸಾಹಸವನ್ನು ನೋಡಬೇಕಾದರೆ ಪೋರ್ಟೊ ರೀಕೊ ದ್ವೀಪಕ್ಕೆ ಹೋಗಬೇಕು. ಅದು ಅಮೆರಿಕಕ್ಕೆ ಸೇರಿದ್ದಾದರೂ ಅಲ್ಲಿಯ ಆಸ್ತಿಯ ಕಾನೂನಿನ ಮೂಲ ಸ್ಪೇನಿನದು. ರಾಜಧಾನಿ ಸಾನ್ ಹ್ವಾನ್ ಪಟ್ಟಣದ ನಡುವೆ ಮಾರ್ಟಿನ್ ಪೆನ್ಯಾ ಎಂಬ ಕಾಲುವೆಯುಂಟು. ಹಿಂದೆ ಹಳ್ಳಿಗಳಿಂದ ಕೂಲಿಗೆ ಬಂದ ಜನರು ಅದರ ದಡದ ಜೌಗಿನಲ್ಲಿ ಮಣ್ಣು ತುಂಬಿ, ಹಲಗೆ ತಗಡುಗಳ ಗುಡಿಸಲು ಕಟ್ಟಿ, ಕ್ರಮೇಣ ಮನೆಮಾಡಿಕೊಂಡರು. ನೆಲಕ್ಕೆ ಪತ್ರವಿಲ್ಲ. ಕಾಲುವೆಯು ಹೂಳು ಕಸಗಳಿಂದ ತುಂಬಿ, ಮಳೆ ಬಂದರೆ ಕೊಳಚೆಯ ನೀರು ಮನೆಯೊಳಗೆ ನುಗ್ಗುತ್ತಿತ್ತು. ಸರ್ಕಾರವು ಹೂಳೆತ್ತುವ ಯೋಜನೆಯನ್ನು ತೆಗೆದುಕೊಂಡಾಗ ಜನರಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಕಾಲುವೆ ಚೊಕ್ಕಟವಾದರೆ ದಡದ ನೆಲಕ್ಕೆ ಚಿನ್ನದ ಬೆಲೆ. ಆಗ ತಮ್ಮನ್ನು ಇರಗೊಡುವರೇ? ನೂರಾರು ಸಭೆಗಳನ್ನು ನಡೆಸಿ ಅವರು ಯೋಚಿಸಿದರು. ಒಬ್ಬೊಬ್ಬರಿಗೂ ಬಿಡಿ ಪತ್ರ ಕೊಟ್ಟರೆ ದಲ್ಲಾಳಿಗಳು ಒಂದೊಂದಾಗಿ ಕೊಂಡು ಕೇರಿಯನ್ನು ಬರಿದುಮಾಡುವರು. ಆದ್ದರಿಂದ ನೆಲವೆಲ್ಲ ಒಟ್ಟಾಗಿ ಇರಲಿ, ಮನೆಯ ಹಕ್ಕು ಮಾತ್ರ ಬೇರೆಬೇರೆಯಾಗಲಿ ಎಂದು ತಾವೇ ತೀರ್ಮಾನಿಸಿದರು. 2004ರ 489ನೆಯ ಕಾಯಿದೆಯಿಂದ ಸುಮಾರು 200 ಎಕರೆ ಸರ್ಕಾರಿ ನೆಲವು ಅವರ ನ್ಯಾಸಕ್ಕೆ ಬಂದಿತು. ಪ್ರತಿಯೊಂದು ಸಂಸಾರಕ್ಕೂ ನೆಲದ ಮೇಲ್ಮೈಯ ಹಕ್ಕಿನ ರಿಜಿಸ್ಟರಾದ ಪತ್ರ. ಅದು ಮಕ್ಕಳಿಗೆ ಹೋಗಬಲ್ಲದು, ಆಧಾರವಾಗಿಟ್ಟು ಸಾಲ ತೆಗೆಯಲೂ ಬರುವುದು.

ಐದು ವರ್ಷದಲ್ಲಿ ಗಾಳಿ ತಿರುಗಿತು. 2009ರಲ್ಲಿ ಶಾಸನಸಭೆಯು ಆ ನೆಲವನ್ನು ಹಿಂದಕ್ಕೆ ತೆಗೆದುಕೊಂಡಿತು. ಜನರು ಕೋರ್ಟಿಗೂ ಹೋದರು, ಬೀದಿಗೂ ಇಳಿದರು. 2013ರಲ್ಲಿ ಇನ್ನೊಂದು ಕಾಯಿದೆಯಿಂದ ನೆಲವು ಮರಳಿ ನ್ಯಾಸಕ್ಕೆ ಸೇರಿತು. ಮೊದಲನೆಯ ಪಾಠದಲ್ಲಿ ಸಾಲದ ಬಲವನ್ನು ಕಂಡೆವು. ಇಲ್ಲಿ ಕಾಣುವುದು ಸಭೆಯ ಬಲ. ಕಾಯಿದೆಯು ಕೊಟ್ಟದ್ದನ್ನು ಕಾಯಿದೆಯು ಕಿತ್ತುಕೊಳ್ಳಬಹುದು. ಆಗ ಎದ್ದು ನಿಲ್ಲುವ ಜನರಿದ್ದರೆ ಮಾತ್ರ ಕೊಟ್ಟದ್ದು ಉಳಿಯುತ್ತದೆ.

ಇದೇ ಮಾತಿಗೆ ದಕ್ಷಿಣ ಅಮೆರಿಕದ ಯುರುಗ್ವೆ ಇನ್ನೊಂದು ಸಾಕ್ಷಿ. 1968ರ ವಸತಿ ಕಾಯಿದೆಯಂತೆ ಅಲ್ಲಿ ಪರಸ್ಪರ ಸಹಾಯದ ಗೃಹ ಸಹಕಾರ ಸಂಘಗಳು ಹುಟ್ಟಿದುವು. ಪ್ರತಿಯೊಂದು ಸಂಸಾರವೂ ವಾರಕ್ಕೆ 21 ಗಂಟೆ ಕಟ್ಟಡದ ಕೆಲಸವನ್ನು ಮಾಡಬೇಕು. ಯಾವ ಮನೆ ಯಾರದೆಂಬುದು ಎಲ್ಲ ಮನೆಗಳೂ ಮುಗಿಯುವ ಕಾಲಕ್ಕೆ ಗೊತ್ತಾಗುವುದು. ಆದುದರಿಂದ ಯಾವ ಗೋಡೆಯನ್ನೂ ಯಾರೂ ಉದಾಸೀನದಿಂದ ಕಟ್ಟುವುದಿಲ್ಲ. ಕಟ್ಟಿದ ಮೇಲೆ ಒಡೆತನ ಸಂಘದ್ದು, ವಾಸದ ಹಕ್ಕು ಸದಸ್ಯರದು. 1970ರಲ್ಲಿ ಈ ಸಂಘಗಳು ಕೂಡಿ ಫುಕ್‌ವಾಮ್ ಎಂಬ ಮಹಾಸಂಘವನ್ನು ಕಟ್ಟಿಕೊಂಡುವು. ಮುಂದೆ ಸೈನ್ಯಾಧಿಕಾರಿಗಳ ಸರ್ಕಾರವು ಇವುಗಳನ್ನು ಒಡೆದು ಬಿಡಿ ಒಡೆತನವಾಗಿ ಮಾಡಹೊರಟಾಗ, 1984ರ ಫೆಬ್ರವರಿಯಲ್ಲಿ ಒಂದೇ ದಿನ 3 ಲಕ್ಷಕ್ಕೂ ಮೇಲ್ಪಟ್ಟು ಜನರ ರುಜುಗಳನ್ನು ಸಂಗ್ರಹಿಸಿ ಪ್ರತಿಭಟಿಸಿದರು.

ಜರ್ಮನಿಯವರು ಹಿಡಿದ ದಾರಿಯು ಇನ್ನೂ ವಿಚಿತ್ರ. ಫ್ರೈಬುರ್ಗಿನಲ್ಲಿ ಮೊದಲಾದ 'ಮೀಟ್ಸ್‌ಹೊಯ್ಸರ್ ಸಿಂಡಿಕಾಟ್' ಎಂಬ ಒಕ್ಕೂಟದಲ್ಲಿ, ಲಾಭಕ್ಕಾಗಿಯೇ ಏರ್ಪಟ್ಟ ಕಂಪೆನಿಯ ಕಾನೂನನ್ನು ಲಾಭವನ್ನು ತಡೆಯಲು ಬಳಸಿದ್ದಾರೆ. ಪ್ರತಿಯೊಂದು ಮನೆಗೂ ಒಂದು ಕಂಪೆನಿ. ಅದಕ್ಕೆ ಇಬ್ಬರೇ ಪಾಲುದಾರರು, ಒಬ್ಬರು ಆ ಮನೆಯ ನಿವಾಸಿಗಳ ಸಂಘ, ಇನ್ನೊಬ್ಬರು ಒಕ್ಕೂಟ. ದಿನದ ಆಡಳಿತವೆಲ್ಲ ನಿವಾಸಿಗಳದೇ. ಮಾರಾಟಕ್ಕೆ ಮಾತ್ರ ಇಬ್ಬರೂ ಒಪ್ಪಬೇಕು, ಒಕ್ಕೂಟವು ಒಪ್ಪುವುದಿಲ್ಲ. ಅಷ್ಟರಿಂದಲೇ ಮನೆಯು ಪೇಟೆಯಿಂದ ಹೊರಗೆ ಉಳಿಯುತ್ತದೆ.

ಇಷ್ಟು ದೇಶ ಸುತ್ತಿದ ಮೇಲೆ ನಮ್ಮ ಮನೆಗೆ ಬರೋಣ. ಈ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. ಬ್ರಿಟಿಷ್ ಇಂಡಿಯಾದ ಸಹಕಾರ ಕಾಯಿದೆಯು 1904ರದು. ಮರುವರ್ಷವೇ ಮೈಸೂರು ಸಂಸ್ಥಾನವೂ ತನ್ನ ಸಹಕಾರ ಕಾಯಿದೆಯನ್ನು ಮಾಡಿತು. ಬೆಂಗಳೂರಿನ ಗೃಹನಿರ್ಮಾಣ ಸಹಕಾರ ಸಂಘವು 1909ರಲ್ಲಿಯೇ ಹುಟ್ಟಿತು. ದೇಶದ ಅತ್ಯಂತ ಮೊದಲಿನ ಗೃಹ ಸಹಕಾರ ಸಂಘಗಳಲ್ಲಿ ಅದೊಂದು. 1915ರಲ್ಲಿ, ಕನ್ನಡ ಜಿಲ್ಲೆಗಳಿಂದ ಮುಂಬಯಿಗೆ ಹೋಗಿ ನೆಲಸಿದ ಸಾರಸ್ವತರು ಎಸ್. ಎಸ್. ತಾಲಮಕಿಯವರ ಮುಂದಾಳುತನದಲ್ಲಿ ಗಾಮದೇವಿಯಲ್ಲಿ ಒಂದು ಗೃಹ ಸಂಘವನ್ನು ಸ್ಥಾಪಿಸಿದರು. ಅಲ್ಲಿ ನೆಲವೂ ಕಟ್ಟಡವೂ ಸಂಘದ್ದು. ಸದಸ್ಯನು ಸಂಘಕ್ಕೆ ಪಾಲುದಾರನೂ ಹೌದು, ಬಾಡಿಗೆದಾರನೂ ಹೌದು. ತನ್ನ ಮನೆಗೆ ತಾನೇ ಬಾಡಿಗೆ ಕೊಟ್ಟು ತಾನೇ ಪಡೆಯುವ ಏರ್ಪಾಡು ಇದು.

ಮುಂದೆ ನಮ್ಮಲ್ಲಿ ಆದದ್ದೇನು? ಗೃಹ ಸಂಘಗಳು ಬಹುಮಟ್ಟಿಗೆ ನಿವೇಶನ ಹಂಚುವ ಸಂಘಗಳಾದುವು. ಒಟ್ಟಾಗಿ ಭೂಮಿಯನ್ನು ಸಂಪಾದಿಸುವುದು, ಬಿಡಿಯಾಗಿ ಕ್ರಯಪತ್ರ ಬರೆದುಕೊಡುವುದು, ಆಮೇಲೆ ಅವರವರ ಅದೃಷ್ಟ. ಸಹಕಾರವು ಸೈಟಿನ ರಿಜಿಸ್ಟ್ರಿಯಾದ ದಿನವೇ ಮುಗಿದುಹೋಯಿತು. ಕೆಲವು ಕಡೆ ಸಂಘದ ಹೆಸರಿನಲ್ಲಿ ದಲ್ಲಾಳಿಗಳೇ ಭೂಮಿಯನ್ನು ಗಳಿಸಿದರು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬೆಂಗಳೂರಿನ ಒಂದು ಗೃಹ ಸಂಘಕ್ಕಾಗಿ ನಡೆದ ಭೂಸ್ವಾಧೀನವನ್ನು ಇಂಥ ಕಾರಣದಿಂದಲೇ ರದ್ದುಮಾಡಿತು. ಸಮುದಾಯವೆಂಬ ಮಾತಿನಲ್ಲಿಯೇ ಇನ್ನೊಂದು ಅಪಾಯವೂ ಉಂಟು. 2005ರಲ್ಲಿ ಅದೇ ನ್ಯಾಯಾಲಯವು ಅಹಮದಾಬಾದಿನ ಒಂದು ಪಾರ್ಸಿ ಗೃಹ ಸಂಘದ ಮೊಕದ್ದಮೆಯಲ್ಲಿ, ಸದಸ್ಯತ್ವವನ್ನು ಒಂದು ಮತದವರಿಗೇ ಮೀಸಲಾಗಿಡುವ ನಿಯಮವನ್ನು ಎತ್ತಿಹಿಡಿಯಿತು. ತೀರ್ಪನ್ನು ವಿಮರ್ಶಿಸುವುದು ನನ್ನ ಕೆಲಸವಲ್ಲ. ಆದರೆ ನಮ್ಮ ದೇಶದಲ್ಲಿ ಸಮುದಾಯವೆಂದೊಡನೆ ಜಾತಿಯೆಂದು ಅರ್ಥವಾಗುವುದಾದರೆ, ಮನೆಗೆ ಬಡವನು ಬರಬಾರದೆಂಬ ಬೀಗವನ್ನು ತೆಗೆದು ಬೇರೆ ಜಾತಿಯವನು ಬರಬಾರದೆಂಬ ಬೀಗವನ್ನು ಹಾಕಿದಂತಾಗುತ್ತದೆ. ಸಮುದಾಯವೆಂದರೆ ಒಂದು ಬಾವಿಯ ನೀರನ್ನು ಹಂಚಿಕೊಂಡವರು; ಒಂದು ಗೋತ್ರವನ್ನು ಹಂಚಿಕೊಂಡವರಲ್ಲ. ಇಂಥ ಅರ್ಥವಿಲ್ಲದೆ ಮೇಲೆ ಹೇಳಿದ ಯಾವ ಏರ್ಪಾಡೂ ನಮ್ಮಲ್ಲಿ ನ್ಯಾಯವಾಗಲಾರದು.

ನಮ್ಮ ಕಾನೂನು ಇಂಥ ಏರ್ಪಾಡಿಗೆ ಎಡೆಗೊಡುವುದೇ? 1882ರ ಸ್ವತ್ತು ವರ್ಗಾವಣೆಯ ಕಾಯಿದೆಯ 10ನೆಯ ಪ್ರಕರಣವು, ಸ್ವತ್ತನ್ನು ಕೊಟ್ಟ ಮೇಲೆ ಅದನ್ನು ಪರಭಾರೆ ಮಾಡಲೇಕೂಡದೆಂದು ಪೂರ್ತಿಯಾಗಿ ಕಟ್ಟುಹಾಕುವ ಷರತ್ತು ನಿಲ್ಲುವುದಿಲ್ಲವೆಂದು ಹೇಳುತ್ತದೆ. ಕ್ರಯಕ್ಕೆ ಕೊಟ್ಟ ಸೈಟಿನ ಮೇಲೆ ಸಮುದಾಯದ ಹಿಡಿತವು ಉಳಿಯದಿರುವುದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ಅದೇ ಪ್ರಕರಣವು ಒಂದು ಕಿಟಕಿಯನ್ನು ತೆರೆದಿಟ್ಟಿದೆ: ಗುತ್ತಿಗೆಯಲ್ಲಿ, ಗುತ್ತಿಗೆ ಕೊಟ್ಟವನ ಹಿತಕ್ಕಾಗಿ ಹಾಕಿದ ಇಂಥ ಷರತ್ತಿಗೆ ಈ ನಿಷೇಧವಿಲ್ಲ. ಗುತ್ತಿಗೆಯು ಗೊತ್ತಾದ ಅವಧಿಗೂ ಇರಬಹುದು, ಶಾಶ್ವತವಾಗಿಯೂ ಇರಬಹುದು ಎಂದು 105ನೆಯ ಪ್ರಕರಣ ಹೇಳುತ್ತದೆ. ನೆಲ ಒಬ್ಬರದು, ಅದರ ಮೇಲಿನ ಕಟ್ಟಡ ಇನ್ನೊಬ್ಬರದು ಆಗಿರಬಹುದೆಂಬುದೂ ನಮ್ಮ ನ್ಯಾಯಾಲಯಗಳಿಗೆ ಅಪರಿಚಿತವಲ್ಲ. ಹೀಗಿರುವಲ್ಲಿ, ಊರಿನ ಸಂಘವೊಂದು ನೆಲವನ್ನು ತನ್ನಲ್ಲಿಟ್ಟುಕೊಂಡು ದೀರ್ಘ ಗುತ್ತಿಗೆಗೆ ಕೊಟ್ಟು, ಬೆಲೆಯ ಮಿತಿಯನ್ನು ಗುತ್ತಿಗೆಯಲ್ಲಿಯೇ ಬರೆಯುವುದಕ್ಕೆ ಕಾನೂನು ಬಾಗಿಲು ಮುಚ್ಚಿಲ್ಲವೆಂದು ನನಗೆ ತೋರುತ್ತದೆ. ನ್ಯಾಯವಾದಿಗಳು ಈ ಮಾತನ್ನು ಪರಾಮರ್ಶಿಸಬೇಕು.

ಒಂದು ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ. ಶ್ರೀಮಂತನು ತನ್ನ ಮನೆಯ ಬೆಲೆಯೇರಿಕೆಯನ್ನೆಲ್ಲ ತಿನ್ನುವಾಗ ಬಡವನಿಗೆ ಮಾತ್ರ ಕಾಲುಭಾಗ ಸಾಕೆಂದು ಹೇಳುವುದು ನ್ಯಾಯವೇ ಎಂದು ಕೇಳುತ್ತಾರೆ. ಪ್ರಶ್ನೆಯು ಸರಿಯಾದದ್ದೇ. ನನ್ನ ಉತ್ತರವಿಷ್ಟು: ಇಂಥ ಮನೆಯನ್ನು ಪಡೆದವನು ಅದನ್ನು ಪೇಟೆಯ ಬೆಲೆಗೆ ಕೊಂಡವನಲ್ಲ, ಊರು ಬಿಟ್ಟುಕೊಟ್ಟ ನೆಲದ ಬೆಲೆಯು ಅವನ ಕೈಗೆ ಮೊದಲೇ ಬಂದಿದೆ. ಅದನ್ನು ಅವನು ಮುಂದಿನವನಿಗೆ ದಾಟಿಸಬೇಕು. ಬಾವಿಯಿಂದ ನೀರು ಸೇದಿಕೊಂಡವನು ಹಗ್ಗವನ್ನು ಅಲ್ಲಿಯೇ ಬಿಟ್ಟುಹೋಗುವುದು ನಮ್ಮ ವಠಾರದ ಕಟ್ಟಳೆಯಾಗಿತ್ತು. ಹಗ್ಗವನ್ನು ಮನೆಗೊಯ್ದವನನ್ನು ಯಾರೂ ಜಾಣನೆನ್ನುತ್ತಿರಲಿಲ್ಲ.

ನಾವಿದ್ದ ವಠಾರದ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಬಾವಿಯನ್ನು ಮುಚ್ಚಿದ್ದಾರೆ. ಅಲ್ಲಿಯ ಒಂದು ಮನೆಯ ಒಂದು ತಿಂಗಳ ಬಾಡಿಗೆಯು, ನಾವಿದ್ದಾಗ ಎಂಟು ಮನೆಗಳಿಂದ ಸೇರಿ ಒಂದು ವರ್ಷಕ್ಕೆ ಬರುತ್ತಿದ್ದುದಕ್ಕಿಂತ ಹೆಚ್ಚು. ಅಂದು ಮೂಲೆಮನೆಯ ಅಜ್ಜಿಯವರು ಸಾಮಾನು ಗಾಡಿಗೆ ಏರಿಸುತ್ತ ನನ್ನ ತಂದೆಯವರನ್ನು ಕೇಳಿದರು: "ಮೇಷ್ಟ್ರೇ, ನಾವೆಲ್ಲ ಸೇರಿಕೊಂಡು ಏನಾದರೂ ಮಾಡಬಹುದಾಗಿತ್ತೇ?" ನನ್ನ ತಂದೆಯವರಿಗೆ ಆಗ ಉತ್ತರ ತಿಳಿಯಲಿಲ್ಲ. ಆಗಬಹುದಾಗಿತ್ತು, ಆದರೆ ಮಾರಾಟದ ಮಾತು ಬರುವುದಕ್ಕೆ ಹತ್ತು ವರ್ಷ ಮೊದಲೇ ಒಂದು ಸಂಘವನ್ನು ರಿಜಿಸ್ಟರು ಮಾಡಿಸಿ, ತಿಂಗಳಿಗಿಷ್ಟೆಂದು ವಂತಿಗೆ ಕೂಡಿಡಬೇಕಾಗಿತ್ತು ಎಂಬುದು ನಾನು ಇಷ್ಟು ವರ್ಷ ಓದಿ ಕಂಡುಕೊಂಡ ಉತ್ತರ. ಅಜ್ಜಿಯವರಿಗೆ ಅದು ತಲಪುವಂತಿಲ್ಲ. ಈಗಲೂ ವಠಾರಗಳಲ್ಲಿ, ಕೇರಿಗಳಲ್ಲಿ ಒಂದೇ ನೀರನ್ನು ಹಂಚಿಕೊಂಡು ಬಾಳುತ್ತಿರುವ ಸಂಸಾರಗಳಲ್ಲಿ ಕೆಲವಕ್ಕಾದರೂ ಅದು ತಲಪಲಿ ಎಂದು ಹಾರೈಸುತ್ತೇನೆ.